ಭೂಮಿ ತಿರುಗುವುದಕ್ಕೂ ನಿಮ್ಮ ಟಿಕೆಟ್‌ಗೂ ಸಂಬಂಧವಿಲ್ಲ

ಪ್ರಶ್ನೆ: ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗಲು ಸುಮಾರು 8 ಗಂಟೆ, ವಾಪಸ್ ಬರಲು 7 ಗಂಟೆ ಎಂದು ಟಿಕೆಟ್‌ನಲ್ಲಿದೆ. ದೂರ ಒಂದೇ ಅಲ್ಲವೇ? ಭೂಮಿ ತಿರುಗುವುದೇ ಕಾರಣ ಎಂದು ಒಂದು ವಿಡಿಯೊದಲ್ಲಿ ಕೇಳಿದೆ.

ಉತ್ತರ: ಈ ಪ್ರಶ್ನೆ ಬಾರದ ವಾರವೇ ಇಲ್ಲ. ಭೂಮಿ ತಿರುಗುವುದು ಪಶ್ಚಿಮದಿಂದ ಪೂರ್ವಕ್ಕೆ. ವಿಡಿಯೊದವರ ಮಾತು ನಿಜವಾಗಿದ್ದರೆ ನ್ಯೂಯಾರ್ಕೇ ವಿಮಾನಕ್ಕೆ ಎದುರಾಗಿ ಬರಬೇಕಿತ್ತು, ಪಶ್ಚಿಮದ ಪಯಣವೇ ಬೇಗ ಮುಗಿಯಬೇಕಿತ್ತು. ಆಗುತ್ತಿರುವುದು ತದ್ವಿರುದ್ಧ. ಸುಳ್ಳು ಹೇಳುವವರು ದಿಕ್ಕನ್ನಾದರೂ ಸರಿಯಾಗಿ ನೋಡಿಕೊಳ್ಳಬಾರದೇ? ವಾತಾವರಣವೂ ಭೂಮಿಯ ಜೊತೆಗೇ ತಿರುಗುತ್ತದೆ. ಹೆಲಿಕಾಪ್ಟರ್ ಗಂಟೆಗಟ್ಟಲೆ ಒಂದೇ ಕಡೆ ನಿಂತರೂ ಕೆಳಗಿನ ಊರು ಬದಲಾಗುವುದಿಲ್ಲ.

ನಿಜವಾದ ಕಾರಣ ಗಾಳಿ. ನೆಲದಿಂದ ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಮಟ್ಟದಲ್ಲೇ, ಜೆಟ್ ಸ್ಟ್ರೀಮ್ ಎಂಬ ಬಿರುಸಾದ ಗಾಳಿಯ ಹೊಳೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಧ್ರುವದ ಚಳಿಗೂ ಉಷ್ಣವಲಯದ ಬಿಸಿಗೂ ಅಂತರ ಹೆಚ್ಚುವ ಚಳಿಗಾಲದಲ್ಲಿ ಅದರ ಜೋರೂ ಹೆಚ್ಚು. ಲೆಕ್ಕ ಹಾಕಿ: ದೂರ 5,550 ಕಿ.ಮೀ., ವಿಮಾನದ ವೇಗ ಗಂಟೆಗೆ 900, ಗಾಳಿ 150. ಗಾಳಿಯ ಜೊತೆ ಹೋದರೆ 5 ಗಂಟೆ 17 ನಿಮಿಷ, ಎದುರು ಹೋದರೆ 7 ಗಂಟೆ 24 ನಿಮಿಷ. ಹೋಗಿಬರುವಾಗ ಸರಿಹೋಗುತ್ತದಲ್ಲ ಎನ್ನಬೇಡಿ. ಗಾಳಿಯೇ ಇಲ್ಲದಿದ್ದರೆ ಒಟ್ಟು 12 ಗಂಟೆ 20 ನಿಮಿಷ. ಇಲ್ಲಿ 12 ಗಂಟೆ 41 ನಿಮಿಷ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೀರಿ, ಅಷ್ಟೇ.

2020ರ ಫೆಬ್ರವರಿಯಲ್ಲಿ ಕಿಯಾರಾ ಬಿರುಗಾಳಿಯ ಹೊತ್ತಿಗೆ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ಗಂಟೆಯೊಳಗೇ ಬಂದಿಳಿಯಿತು. ನೆಲದ ಲೆಕ್ಕದಲ್ಲಿ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಶಬ್ದದ ವೇಗ ಮೀರಿತು ಎಂದು ಆಗಲೂ ಗುಲ್ಲೆದ್ದಿತು. ಮೀರಿರಲಿಲ್ಲ. ಶಬ್ದದ ವೇಗಕ್ಕೆ ಹೋಲಿಸಬೇಕಾದದ್ದು ಸುತ್ತಲಿನ ಗಾಳಿಯ ಲೆಕ್ಕದಲ್ಲಿನ ವೇಗವನ್ನು, ಇಲ್ಲಿ ಆ ಗಾಳಿಯೇ ಓಡುತ್ತಿತ್ತು. ಅಟ್ಲಾಂಟಿಕ್ ಮೇಲಿನ ಮಾರ್ಗಗಳನ್ನು ದಿನಕ್ಕೆ ಎರಡು ಸಲ ಹೊಸದಾಗಿ ಹಾಕುವುದೂ ಇದೇ ಗಾಳಿ ನೋಡಿ: ಪೂರ್ವಕ್ಕೆ ಹೋಗುವವರು ಅದರೊಳಗೆ, ಪಶ್ಚಿಮಕ್ಕೆ ಹೋಗುವವರು ಅದರಿಂದ ದೂರ. ದೂರವನ್ನು ಒಂದು ಸಿದ್ಧ ವೇಗದಿಂದ ಭಾಗಿಸಿ ‘ಪ್ರಯಾಣದ ಸಮಯ’ ಎಂದು ತೋರಿಸುವ ವೆಬ್‌ಸೈಟ್‌ಗಳಿಗೆ ಇದ್ಯಾವುದರ ಗೊಡವೆಯೂ ಇಲ್ಲ. ಟಿಕೆಟ್‌ನ ಸಮಯವಾದರೋ ಗೇಟು ಬಿಟ್ಟಲ್ಲಿಂದ ಗೇಟು ಸೇರುವವರೆಗಿನದು. ರನ್‌ವೇಗೆ ಸಾಲಿನಲ್ಲಿ ಕಾಯುವುದೂ ಅದರಲ್ಲೇ ಸೇರಿದೆ.

ಪ್ರಶ್ನೆ: ಪರದೆಯ ನಕ್ಷೆಯಲ್ಲಿ ವಿಮಾನ ಉತ್ತರಕ್ಕೆ ಸುತ್ತಿಬಳಸಿ ಹೋಗುತ್ತದಲ್ಲ?

ಉತ್ತರ: ಭೂಗೋಳದ ಮೇಲೆ ದಾರ ಬಿಗಿಹಿಡಿದು ನೋಡಿ. ಉತ್ತರಕ್ಕೆ ಬಾಗಿದ ಆ ದಾರಿಯೇ ಹತ್ತಿರದ್ದು. ದುಂಡು ಭೂಮಿಯನ್ನು ಚಪ್ಪಟೆ ಮಾಡಿ ಸುತ್ತುಬಳಸಿರುವುದು ನಕ್ಷೆ.

ಪ್ರಶ್ನೆ: ಹೆಲ್ಸಿಂಕಿ–ಟೋಕಿಯೊ 7,800 ಕಿ.ಮೀ. ಅಷ್ಟೇ, 13 ಗಂಟೆ ಏಕೆ?

ಉತ್ತರ: 2022ರಿಂದ ಫಿನ್‌ಲೆಂಡ್‌ನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. ಮೊದಲು ಒಂಬತ್ತೂವರೆ ಗಂಟೆ ಸಾಕಾಗುತ್ತಿತ್ತು. ಈಗ ಧ್ರುವದ ಮೇಲಿಂದಲೋ ದಕ್ಷಿಣದಿಂದಲೋ ಸುತ್ತಬೇಕು.

ಪ್ರಶ್ನೆ: ಟೋಕಿಯೊದಿಂದ ಸಂಜೆ ಹೊರಟವರು ಅದೇ ದಿನ ಬೆಳಿಗ್ಗೆ ಲಾಸ್ ಏಂಜಲಿಸ್ ತಲುಪುತ್ತಾರೆ. ಕಾಲದಲ್ಲಿ ಹಿಂದೆ ಹೋದಂತೆಯೇ?

ಉತ್ತರ: ಇಲ್ಲ. ಎರಡೂ ಸ್ಥಳೀಯ ಸಮಯ, ನಡುವೆ ದಿನಾಂಕ ರೇಖೆ.

ಪ್ರಶ್ನೆ: ಎರಡು ಬೇರೆ ಬೇರೆ ಟಿಕೆಟ್, ನಡುವೆ ಒಂದೂವರೆ ಗಂಟೆ. ಸಾಕೇ?

ಉತ್ತರ: ಬೇಡ. ಒಂದೇ ಟಿಕೆಟ್ ಆಗಿದ್ದು ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ಹತ್ತಿಸುವುದು ಕಂಪನಿಯ ತಲೆನೋವು. ಬೇರೆ ಬೇರೆ ಆದರೆ ನಿಮ್ಮದು. ‘ಏನೂ ಆಗಲ್ಲ ಸಾರ್’ ಎನ್ನುವ ಏಜೆಂಟರು ಅವತ್ತು ಫೋನ್ ಎತ್ತುವುದಿಲ್ಲ. ಚಳಿಗಾಲದಲ್ಲಿ ಪಶ್ಚಿಮಕ್ಕೆ ಹೊರಟರೆ ನಾನಂತೂ ನಾಲ್ಕು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳುವುದಿಲ್ಲ.