ಟಾಕೀಸಿನ ಗೇಟು ಓಣಿಯ ಕಡೆಗೇ ಇರಲಿ

ಪ್ರಶ್ನೆ: ನಮ್ಮ ಓಣಿಯ ಮೂಲೆಯಲ್ಲಿದ್ದ ಟಾಕೀಸು ಮುಚ್ಚಿ ಹಲವು ವರ್ಷಗಳಾದವು. ಅಲ್ಲಿ ನಾಟಕ, ಸಂಗೀತ, ಸಿನಿಮಾ ಎಲ್ಲಕ್ಕೂ ಒದಗುವ ಹೊಸ ಕೇಂದ್ರ ಕಟ್ಟುವ ಮಾತು ಈಗ ನಡೆದಿದೆ. ಇದರಿಂದ ಓಣಿಗೆ ನಿಜವಾಗಿ ಉಪಯೋಗವಿದೆಯೆ? ನಾವು ಮಾಲೀಕರಲ್ಲಿ ಏನನ್ನು ಕೇಳಿಕೊಳ್ಳಬೇಕು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಉಪಯೋಗವಿದೆ; ಅದು ಎಷ್ಟೆಂಬುದು ಮುಖ್ಯವಾಗಿ ಕಟ್ಟಡದ ಬಾಗಿಲು ಎತ್ತ ತೆರೆಯುತ್ತದೆ ಎಂಬುದನ್ನು ಅವಲಂಬಿಸಿದೆ. ಹಳೆಯ ಟಾಕೀಸಿನಲ್ಲಿ ಆಟ ಬಿಟ್ಟೊಡನೆ ಜನ ನೇರವಾಗಿ ರಸ್ತೆಗೇ ಇಳಿಯುತ್ತಿದ್ದರು. ಗಿರ್ಮಿಟ್ ಗಾಡಿಯವನು ಆ ಹೊತ್ತಿಗೆ ಸರಿಯಾಗಿ ಹುಣಸೆಹುಳಿ-ಬೆಲ್ಲದ ಗೊಜ್ಜಿಗೆ ಚುರುಮುರಿ ಸುರಿದು, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಹಸಿ ಉಳ್ಳಾಗಡ್ಡಿ ಹಾಕಿ ಕಲಸತೊಡಗುತ್ತಿದ್ದನು. ಪಕ್ಕದಲ್ಲಿ ಮಿರ್ಚಿ ಭಜಿಯ ಬಾಣಲೆ, ಆಚೆಗೆ ಸೈಕಲ್ ಸ್ಟ್ಯಾಂಡು. ಟಿಕೆಟ್ಟಿನ ಹಣ ಮಾಲೀಕರಿಗೆ ಹೋದರೂ ಉಳಿದ ಚಿಲ್ಲರೆ ಓಣಿಯಲ್ಲೇ ಉಳಿಯುತ್ತಿತ್ತು. ಹೊಸ ಕೇಂದ್ರಕ್ಕೆ ಬಂದವರು ವಾಹನವನ್ನು ನೆಲಮಾಳಿಗೆಯಲ್ಲಿ ನಿಲ್ಲಿಸಿ, ಲಿಫ್ಟಿನಲ್ಲಿ ಮೇಲೇರಿ, ಒಳಗೇ ತಿಂದು, ಹಾಗೆಯೇ ಮನೆಗೆ ಮರಳುವ ವ್ಯವಸ್ಥೆಯಾದರೆ ನಿಮ್ಮ ಪಾಲಿಗೆ ಬರುವುದು ವಾಹನ ದಟ್ಟಣೆ ಮಾತ್ರ.

ಆದ್ದರಿಂದ ಮುಖ್ಯ ಗೇಟು ಓಣಿಯ ಕಡೆಗೇ ಇರಲಿ, ತಿಂಡಿಯ ಮಳಿಗೆಗಳು ಹೊರಮುಖವಾಗಿರಲಿ ಎಂದು ನಕ್ಷೆಯ ಹಂತದಲ್ಲಿಯೇ ಕೇಳಿರಿ. ತಳ್ಳುಗಾಡಿಯವರನ್ನು ಎಬ್ಬಿಸುವ ಮಾತು ಬಂದರೆ, 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕೆಂಬುದನ್ನು ನೆನಪಿಡಿ. ಅಹವಾಲನ್ನು ಆ ಸಮಿತಿಯ ಮುಂದೆಯೂ ಇಡಬಹುದು.

ಬಾಡಿಗೆಯ ವಿಷಯದಲ್ಲಿ ಎರಡು ಮಾತು. ಶನಿವಾರ-ಭಾನುವಾರದ ಪ್ರದರ್ಶನಗಳಿಂದ ಗಳಿಸುವ ಸಭಾಂಗಣವು ವಾರದ ನಡುವೆ ಖಾಲಿ ಬಿದ್ದಿರುವುದೇ ಹೆಚ್ಚು. ಆ ದಿನಗಳಲ್ಲಿ ಓಣಿಯ ಶಾಲೆಗೆ, ಭಜನಾ ಮಂಡಳಿಗೆ, ಹವ್ಯಾಸಿ ನಾಟಕ ತಂಡದ ತಾಲೀಮಿಗೆ ಕಡಿಮೆ ದರದಲ್ಲಿ ಬಿಟ್ಟುಕೊಟ್ಟರೆ ಮಾಲೀಕರಿಗೆ ದೊಡ್ಡ ನಷ್ಟವೇನಿಲ್ಲ. ಇನ್ನೊಂದು ಮಾತು ಅಹಿತಕರವಾದುದು: ಓಣಿ ಚೆಲುವಾದಂತೆ ಅಂಗಡಿಗಳ ಬಾಡಿಗೆಯೂ ಏರುತ್ತದೆ, ಹತ್ತಾರು ವರ್ಷಗಳಿಂದ ಇದ್ದ ಬಾಡಿಗೆದಾರರೇ ಮೊದಲು ಜಾಗ ಬಿಡಬೇಕಾಗುತ್ತದೆ. ಆದ್ದರಿಂದ ಕೆಲಸ ಆರಂಭವಾಗುವ ಮೊದಲೇ ಅವರು ದೀರ್ಘಾವಧಿ ಕರಾರು ಮಾಡಿಕೊಳ್ಳುವುದು ಒಳ್ಳೆಯದು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ನೋಂದಾಯಿಸಲೇಬೇಕು. ಬಿಳಿ ಹಾಳೆಯ ಮೇಲಿನ ಸಹಿಯನ್ನು ನಂಬಿ ಕೂರಬಾರದು.

ಮನರಂಜನೆಯ ಗಳಿಕೆಯನ್ನು ಸಮಾಜದ ಅಗತ್ಯಕ್ಕೆ ಜೋಡಿಸುವುದು ನಮ್ಮ ಸೀಮೆಗೆ ಹೊಸದೇನಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914–2010) ನಾಟಕ ಕಂಪನಿಯನ್ನೇ ಕಟ್ಟಿ, ಅದರ ಆದಾಯವನ್ನು ಅಂಧ ವಿದ್ಯಾರ್ಥಿಗಳ ಊಟ ಮತ್ತು ಸಂಗೀತ ಶಿಕ್ಷಣಕ್ಕೆ ಬಳಸಿದರು. ವೃತ್ತಿ ಕಂಪನಿಗಳು ಊರಿನ ಶಾಲೆಗೋ ಗುಡಿಗೋ ಸಹಾಯಾರ್ಥ ಆಟ ಆಡುತ್ತಿದ್ದುದೂ ಇದೇ ಬಗೆಯದು. ತಿಂಗಳಿಗೊಂದು ಅಂಥ ಪ್ರದರ್ಶನವನ್ನು ನೀವೂ ಕೇಳಬಹುದು. ಬೆಳಕು, ಧ್ವನಿ, ರಂಗಸಜ್ಜಿಕೆಯ ಕೆಲಸಕ್ಕೆ ಓಣಿಯ ಹುಡುಗ-ಹುಡುಗಿಯರನ್ನು ತರಬೇತಿಗೊಳಿಸಿ ನೇಮಿಸಿಕೊಳ್ಳುವಂತೆಯೂ ಕೇಳಿರಿ. ಕಾವಲುಗಾರನ ಕೆಲಸ ಕೊಟ್ಟೆವೆಂದು ಕೈತೊಳೆದುಕೊಳ್ಳಲು ಬಿಡಬೇಡಿರಿ.

ಗದ್ದಲದ ಚಿಂತೆ ವೃದ್ಧರಿರುವ ಮನೆಗಳಲ್ಲಿ ಸಹಜ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲವಾದರೂ ಮುಚ್ಚಿದ ಸಭಾಂಗಣದ ಒಳಗಿನ ಬಳಕೆಗೆ ನಿಯಮದಲ್ಲಿ ವಿನಾಯಿತಿ ಇದೆ. ಆದ್ದರಿಂದ ಗೋಡೆ ಮತ್ತು ಚಾವಣಿಗೆ ಶಬ್ದ ತಡೆಯುವ ಹೊದಿಕೆ ಹಾಕಬೇಕೆಂದೂ, ಅಂಗಳದಲ್ಲಿ ಶಾಮಿಯಾನ ಹಾಕಿ ನಡೆಸುವ ಕಾರ್ಯಕ್ರಮಗಳು 10ರೊಳಗೆ ಮುಗಿಯಬೇಕೆಂದೂ ಒಪ್ಪಂದದಲ್ಲಿಯೇ ಬರೆಸಿಕೊಳ್ಳಿರಿ.