ಸಾಗರದ ಶಾಸಕರ ಬಳಿ ಜನ ಪಹಣಿ ಹಿಡಿದು ಹೋಗುವುದು ಯಾಕೆ

ಉತ್ತರ ಕನ್ನಡದ ಗಡಿಗೆ ಆತುಕೊಂಡ ನಮ್ಮ ಸಾಗರದಲ್ಲಿ ಶಾಸಕರ ಮನೆಗೆ ಹೋಗುವವರ ಕೈಚೀಲದಲ್ಲಿ ರಸ್ತೆಯ ಮನವಿಗಿಂತ ಮೊದಲು ಪಹಣಿ, ಅಂದರೆ ಜಮೀನು ಯಾರದು, ಉಳುವವರು ಯಾರು ಎಂದು ತೋರಿಸುವ ದಾಖಲೆ, ಇರುತ್ತದೆ. ಇದು ಯಾಕೆಂದು ತಿಳಿಯಬೇಕಾದರೆ ವಕೀಲರೂ ಶಾಸಕರೂ ಆಗಿದ್ದ ಕಾಗೋಡು ತಿಮ್ಮಪ್ಪನವರ ಹಾದಿಯನ್ನು ನೋಡಬೇಕು.

ಅವರ ಊರು ಕಾಗೋಡು. ಅಲ್ಲಿ ಬೇರೆಯವರ ಗದ್ದೆಯನ್ನು ಗೇಣಿಗೆ ಉಳುತ್ತಿದ್ದ ದೀವರ ಸಮುದಾಯದವರು ಭೂ ಒಡೆಯರಿಗೆ ಭತ್ತ ಅಳೆದು ಕೊಡಬೇಕಿತ್ತು. ಅಳೆಯುವ ಕೊಳಗವೇ ದೊಡ್ಡದು ಎಂಬುದು ತಕರಾರಿನ ಮೂಲ. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಗಣಪತಿಯಪ್ಪನವರು ರೈತರನ್ನು ಕಟ್ಟಿದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷವೇ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಹೋದರು. ಸಾಗರದಲ್ಲಿ ವಕೀಲಿಕೆ ಮಾಡುತ್ತಿದ್ದ ತಿಮ್ಮಪ್ಪನವರೂ 1972ರಲ್ಲಿ ಅದೇ ಸಮಾಜವಾದಿ ಬಣದಿಂದ ಗೆದ್ದರು. ಭೂ ಸುಧಾರಣೆಯ 1974ರ ತಿದ್ದುಪಡಿ ಜಾರಿಗೆ ಬಂದಾಗ ಅವರು ಸದನದಲ್ಲಿದ್ದರು.

ಆ ವರ್ಷ ಮಾರ್ಚ್ 1ಕ್ಕೆ ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ಹಕ್ಕು ಕೇಳಿ ನಮೂನೆ 7ರ ಅರ್ಜಿ ಕೊಡಬೇಕಿತ್ತು. ನಮ್ಮವರ ಬಾಯಲ್ಲಿ ಇದು ‘ಡಿಕ್ಲರೇಷನ್’. ವಾಯಿದೆ ಮುಂದಕ್ಕೆ ಹೋಗುತ್ತ ಹೋಗುತ್ತ 1979ರ ಜೂನ್ 30ಕ್ಕೆ ನಿಂತಿತು. ಅರ್ಜಿ ವಿಚಾರಿಸಿದ್ದು ಭೂ ನ್ಯಾಯಮಂಡಳಿ: ಅಧ್ಯಕ್ಷರು ಉಪವಿಭಾಗಾಧಿಕಾರಿ, ಜತೆಗೆ ಸರ್ಕಾರ ನೇಮಿಸಿದ ನಾಲ್ವರು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಒಡೆಯ ದೊಡ್ಡ ವಕೀಲರನ್ನು ಕರೆತಂದರೆ ಗೇಣಿದಾರ ಏನು ಮಾಡಬೇಕು? ಆ ನಿರ್ಬಂಧದ ಹಿಂದಿನ ಕಾಳಜಿ ಸರಿಯಾಗಿಯೇ ಇತ್ತು. ಆದರೆ 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು.

ಎಡವಟ್ಟು ಆಗಿದ್ದು ಕಾಗದದಲ್ಲಿ. ಗೇಣಿ ಬಾಯಿಮಾತಿನದು, ಚೀಟಿ ಇರುತ್ತಿರಲಿಲ್ಲ. ಪಹಣಿಯ 12(2)ನೇ ಅಂಕಣದಲ್ಲಿ ಉಳುವವನ ಹೆಸರಿದ್ದರೆ ಪುಣ್ಯ. ಅಲ್ಲೂ ಒಡೆಯನ ಹೆಸರೇ ಇದ್ದರೆ ಸಾಕ್ಷಿ ಹೇಳಲು ಪಕ್ಕದ ಗದ್ದೆಯವರನ್ನು ಹುಡುಕಬೇಕು. ಸರ್ವೆ ನಂಬರ್ ಒಂದು ತಪ್ಪಿದರೆ ಬೇರೆಯವರ ಜಾಗಕ್ಕೆ ಅರ್ಜಿ ಹಾಕಿದಂತೆ. ಇನ್ನೂ ಕಷ್ಟದ್ದೆಂದರೆ, ಕೂಡುಕುಟುಂಬದ ಗದ್ದೆಗೆ ಹಿರಿಯಣ್ಣನೊಬ್ಬನ ಹೆಸರಲ್ಲೇ ಡಿಕ್ಲರೇಷನ್ ಹೋಗಿರುತ್ತದೆ. ಭೂಮಿ ಕುಟುಂಬದ್ದೋ ಅವನೊಬ್ಬನದೋ ಎಂದು ತಮ್ಮಂದಿರ ಮಕ್ಕಳು ಹೂಡಿದ ಪಾಲಿನ ದಾವೆಗಳು ದಶಕಗಟ್ಟಲೆ ಎಳೆಯುತ್ತವೆ.

ಇನ್ನು ಬಗರ್‌ಹುಕುಂ. ಸರ್ಕಾರಿ ಜಾಗದ ಸಾಗುವಳಿಯನ್ನು ಸಕ್ರಮ ಮಾಡುವ ಸಮಿತಿಗೆ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು, ತಹಸೀಲ್ದಾರರು ಕಾರ್ಯದರ್ಶಿ. ನಮೂನೆ 50, 53, 57 ಎಂದು ಮೂರು ಕಂತಿನ ಅರ್ಜಿಗಳು. ಜನ ಪಹಣಿ ಹಿಡಿದು ಶಾಸಕರ ಬಾಗಿಲಿಗೆ ಹೋಗುವುದು ಅದಕ್ಕೇ.

ತಿಮ್ಮಪ್ಪನವರು ಮುಂದೆ ಕಾಂಗ್ರೆಸ್‌ನಲ್ಲಿ ಸಚಿವರಾದರು, 2004 ಮತ್ತು 2008ರಲ್ಲಿ ಸೋತರು, 2013ರಲ್ಲಿ ಗೆದ್ದು ಸಭಾಧ್ಯಕ್ಷರಾದರು. 2016ರಲ್ಲಿ ಕಂದಾಯ ಖಾತೆ ಬಂದಾಗ ಹಾಡಿ, ತಾಂಡಾ, ಹಟ್ಟಿಯಂಥ ದಾಖಲೆಯಿಲ್ಲದ ವಸತಿಗಳಲ್ಲಿ ಖಾಸಗಿ ಜಾಗದ ಮೇಲೆ ಮನೆ ಕಟ್ಟಿಕೊಂಡವರಿಗೆ ಆ ಮನೆಯ ಹಕ್ಕು ಕೊಡಿಸುವ ತಿದ್ದುಪಡಿ ತಂದರು. ‘ಉಳುವವನೇ ಹೊಲದೊಡೆಯ’ ಎಂಬುದರ ಮುಂದಿನ ಹೆಜ್ಜೆ ‘ವಾಸಿಸುವವನೇ ಮನೆಯೊಡೆಯ’. ಅವರ ಕೆಲಸಗಳಲ್ಲಿ ಇದಕ್ಕೇ ಹೆಚ್ಚು ತೂಕ ಎನ್ನುತ್ತೇನೆ.

ಕಾಡಿನಂಚಿನ ಜಾಗಕ್ಕೆ ಮಾತ್ರ ಶಾಸಕರ ಸಹಿ ಸಾಲದು. ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿಗೆ ಊರು ಬಿಟ್ಟ ಶರಾವತಿ ಸಂತ್ರಸ್ತರಲ್ಲಿ ಎಷ್ಟೋ ಮಂದಿ ಕೂತ ನೆಲ ದಾಖಲೆಯಲ್ಲಿ ಇನ್ನೂ ಅರಣ್ಯವೇ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಾದ ಮೇಲೆ ಅದನ್ನು ಬಿಡಿಸಲು ದೆಹಲಿಯ ಒಪ್ಪಿಗೆ ಬೇಕು. ಅರಣ್ಯ ಹಕ್ಕು ಕಾಯ್ದೆಯಲ್ಲಿ ಕೇಳೋಣವೆಂದರೆ, ಪರಿಶಿಷ್ಟ ಪಂಗಡಕ್ಕೆ ಸೇರದವರು 75 ವರ್ಷದ ವಾಸ ತೋರಿಸಬೇಕು. 1960ರ ದಶಕದಲ್ಲಿ ಸರ್ಕಾರವೇ ಎಬ್ಬಿಸಿ ಕಳಿಸಿದವರು ಹೊಸ ಜಾಗದಲ್ಲಿ ಅಷ್ಟು ವರ್ಷದ ದಾಖಲೆ ಎಲ್ಲಿಂದ ತರಬೇಕು?