ಯಾರನ್ನು ಕೇಳಬೇಕು ಅಂತ ಕೇಳಿದ್ದೀರಿ

ನಿಮ್ಮ ಪತ್ರ ಎರಡು ಸಲ ಓದಿದೆ. ಸ್ಕಾಟ್ಲೆಂಡಿನ ಇನ್ವರ್ನೆಸ್‌ಗೆ ಬಂದು ಮೂರೇ ತಿಂಗಳು. ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ನಿಮ್ಮ ಅಣ್ಣನಿಗೂ ನಿಮ್ಮ ಯಜಮಾನರಿಗೂ ಸಂಬಳ ಒಂದೇ, ವರ್ಷಕ್ಕೆ 50 ಸಾವಿರ ಪೌಂಡ್. ಆದರೆ ಕೈಗೆ ಬರುವುದು ನಿಮಗೆ ಕಮ್ಮಿ. ಮಗಳಿಗೆ ಹಲ್ಲುನೋವು, ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ದಂತವೈದ್ಯರು ಯಾರೂ ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ. ಯಾರನ್ನು ಕೇಳಿದರೂ ‘ಅದು ನಮ್ಮದಲ್ಲ, ಅವರನ್ನು ಕೇಳಿ’ ಅನ್ನುತ್ತಾರೆ. ಕೊನೆಗೆ ಒಂದು ಸಾಲು: ‘ಅಕ್ಕಾ, ಸರ್ಕಾರಕ್ಕೆ ಹೀಗೆಲ್ಲ ಬರೆದರೆ ವೀಸಾಕ್ಕೆ ತೊಂದರೆ ಆಗುತ್ತಾ?’

ಅಕ್ಕ ಅಂತ ಕರೆದಿದ್ದೀರಿ, ಅದೇ ಸಲುಗೆಯಲ್ಲಿ ಬರೆಯುತ್ತೇನೆ. ಮೊದಲು ಕೊನೆಯ ಸಾಲಿಗೆ ಉತ್ತರ. ಏನೂ ಆಗುವುದಿಲ್ಲ. ವೀಸಾ ನೋಡಿಕೊಳ್ಳುವುದು ಲಂಡನ್ನಿನ ಹೋಮ್ ಆಫೀಸ್, ಅಂದರೆ ಗೃಹ ಇಲಾಖೆ. ನೀವು ಕೇಳಬೇಕಿರುವುದು ಎಡಿನ್‌ಬರೋದ ಸ್ಕಾಟಿಷ್ ಸರ್ಕಾರವನ್ನು, ಇಲ್ಲವೇ ಇಲ್ಲಿನ ಆರೋಗ್ಯ ಮಂಡಳಿಯನ್ನು. ಇಲ್ಲಿನ ಮಾಹಿತಿ ಹಕ್ಕಿನ ಕಾಯ್ದೆಯ ಪ್ರಕಾರ ಯಾರು ಬೇಕಾದರೂ, ಯಾವ ದೇಶದಿಂದ ಬೇಕಾದರೂ ಮಾಹಿತಿ ಕೇಳಬಹುದು. ದಾವಣಗೆರೆಯಲ್ಲಿರುವ ನಿಮ್ಮ ಅಮ್ಮ ಇನ್ವರ್ನೆಸ್ ಬಗ್ಗೆ ಕೇಳಿದರೂ ಉತ್ತರ ಕೊಡಲೇಬೇಕು. ಯಾಕೆ ಬೇಕು ಅಂತ ಕಾರಣ ಹೇಳಬೇಕಿಲ್ಲ. ನಾನೂ ವೀಸಾದ ಮೇಲೆ ಇದ್ದಾಗಲೇ ಬರೆಯಲು ಶುರು ಮಾಡಿದವಳು. ಈ ಹೆದರಿಕೆಯಲ್ಲಿ ನಾನು ಎರಡು ವರ್ಷ ಸುಮ್ನೆ ಕಳೆದೆ. ನೀವು ಕಳೆಯಬೇಡಿ.

ಈಗ ತೆರಿಗೆ. ಯಜಮಾನರ ಸಂಬಳದ ಚೀಟಿಯಲ್ಲಿ ಟ್ಯಾಕ್ಸ್ ಕೋಡ್ ನೋಡಿ, ‘ಎಸ್’ ಅಕ್ಷರದಿಂದ ಶುರುವಾಗಿರುತ್ತದೆ. ಸ್ಕಾಟ್ಲೆಂಡಿನಲ್ಲಿ ಮನೆ ಇರುವವರು ಅಂತ ಅರ್ಥ. ವಸೂಲಿ ಮಾಡುವುದು ಲಂಡನ್ನಿನ ಇಲಾಖೆಯೇ. ಆದರೆ ಸಂಬಳದ ಮೇಲಿನ ದರ ಗೊತ್ತು ಮಾಡುವುದು ಎಡಿನ್‌ಬರೋದ ಪಾರ್ಲಿಮೆಂಟು. ಅದು ಇರುವ ಜಾಗದ ಹೆಸರು ಹೋಲಿರೂಡ್, ಜನ ಪಾರ್ಲಿಮೆಂಟನ್ನೂ ಹಾಗೇ ಕರೆಯುತ್ತಾರೆ. ಅಲ್ಲಿನ ದರದಂತೆ 43,662 ಪೌಂಡ್ ದಾಟಿದ ದುಡ್ಡಿಗೆ ನೂರಕ್ಕೆ 42. ಇಂಗ್ಲೆಂಡಿನಲ್ಲಿ 50,270ರವರೆಗೂ ನೂರಕ್ಕೆ 20 ಮಾತ್ರ. 2025–26ರ ಲೆಕ್ಕದಲ್ಲಿ 50 ಸಾವಿರ ಸಂಬಳಕ್ಕೆ ವರ್ಷಕ್ಕೆ ಸುಮಾರು 1,500 ಪೌಂಡ್ ವ್ಯತ್ಯಾಸ ಬರುತ್ತದೆ. ಲೆಕ್ಕದಲ್ಲಿ ತಪ್ಪಾಗಿಲ್ಲ, ನಿಮಗೆ ಮೋಸ ಆಗಿಲ್ಲ.

ಅದಕ್ಕೆ ಬದಲಾಗಿ ಏನು ಸಿಗುತ್ತದೆ ಅಂತ ಕೇಳುವುದು ನಿಮ್ಮ ಹಕ್ಕು. ಔಷಧಿ ಚೀಟಿಗೆ 2011ರಿಂದ ದುಡ್ಡಿಲ್ಲ. ಕಣ್ಣಿನ ಪರೀಕ್ಷೆ ಉಚಿತ. 22 ವರ್ಷದೊಳಗಿನವರಿಗೆ ಬಸ್ಸು ಉಚಿತ, ಮಗಳಿಗೆ ಕಾರ್ಡು ಮಾಡಿಸಿ. 26 ವರ್ಷದೊಳಗಿನವರಿಗೆ ಎನ್‌ಎಚ್‌ಎಸ್‌ನಲ್ಲಿ ಹಲ್ಲಿನ ಚಿಕಿತ್ಸೆಗೂ ದುಡ್ಡಿಲ್ಲ. ಆದರೆ ಉಚಿತ ಅನ್ನುವುದು ಬೇರೆ, ಸಿಗುತ್ತದೆ ಅನ್ನುವುದು ಬೇರೆ, ಅಲ್ವಾ? ಪ್ರಶ್ನೆ ಹುಟ್ಟುವುದು ಅಲ್ಲೇ.

ಯಾರ ಕೈಯಲ್ಲಿ ಏನಿದೆ ಅನ್ನುವುದನ್ನು ಒಂದು ಸಲ ತಿಳಿದುಕೊಂಡರೆ ಅರ್ಧ ಅಲೆದಾಟ ತಪ್ಪುತ್ತದೆ. 1997ರ ಸೆಪ್ಟೆಂಬರಿನಲ್ಲಿ ಇಲ್ಲಿನ ಜನ ಮತ ಹಾಕಿ ತಮ್ಮದೇ ಪಾರ್ಲಿಮೆಂಟು ಬೇಕು ಅಂದರು. 1999ರಲ್ಲಿ ಅದು ಬಂತು. ಆರೋಗ್ಯ, ಶಿಕ್ಷಣ, ಪೊಲೀಸು, ರಸ್ತೆ, ವಸತಿ ಎಡಿನ್‌ಬರೋ ಪಾಲು. ವೀಸಾ, ಸೇನೆ, ವಿದೇಶಾಂಗ, ವ್ಯಾಟ್ ಲಂಡನ್ ಪಾಲು. ಕಸ, ಶಾಲೆಯ ಕಟ್ಟಡ, ಊರೊಳಗಿನ ರಸ್ತೆ ಕೌನ್ಸಿಲ್ ಅಂದರೆ ಸ್ಥಳೀಯ ಆಡಳಿತದ ಪಾಲು. ಅಂಥ 32 ಕೌನ್ಸಿಲ್‌ಗಳಿವೆ. ಆಸ್ಪತ್ರೆಗಳನ್ನು ನಡೆಸುವುದು ಪ್ರದೇಶವಾರು 14 ಆರೋಗ್ಯ ಮಂಡಳಿಗಳು.

ದುಡ್ಡಿನ ಮಾತಿಗೆ ಬಂದರೆ ನಮ್ಮ ಕಡೆಯ ಜಗಳ ನೆನಪಾಗುತ್ತದೆ. 15ನೇ ಹಣಕಾಸು ಆಯೋಗ ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ನೂರಕ್ಕೆ 4.713ರಿಂದ 3.647ಕ್ಕೆ ಇಳಿಸಿದ್ದು, 2024ರಲ್ಲಿ ನಮ್ಮ ರಾಜ್ಯ ಸರ್ಕಾರದವರು ದೆಹಲಿಗೆ ಹೋಗಿ ‘ನನ್ನ ತೆರಿಗೆ ನನ್ನ ಹಕ್ಕು’ ಅಂದದ್ದು ನಿಮಗೂ ಗೊತ್ತು. ಇಲ್ಲಿ ಬಾರ್ನೆಟ್ ಸೂತ್ರ ಅಂತ ಒಂದಿದೆ. 1970ರ ದಶಕದ ಕೊನೆಯಲ್ಲಿ ಖಜಾನೆ ಮಂತ್ರಿಯಾಗಿದ್ದ ಜೋಯೆಲ್ ಬಾರ್ನೆಟ್ ಅವರ ಹೆಸರಿನದು. ಇಂಗ್ಲೆಂಡಿನಲ್ಲಿ ಆರೋಗ್ಯ, ಶಿಕ್ಷಣದಂಥದ್ದರ ಖರ್ಚು ಏರಿದರೆ, ಜನಸಂಖ್ಯೆಯ ಲೆಕ್ಕದಲ್ಲಿ ಸ್ಕಾಟ್ಲೆಂಡಿಗೂ ಪಾಲು ಬರುತ್ತದೆ. ಇಳಿದರೆ ಇಲ್ಲೂ ಇಳಿಯುತ್ತದೆ. ನಮ್ಮ ಆಯೋಗ ಯಾವ ರಾಜ್ಯ ಬಡದು, ಯಾವುದು ಶ್ರೀಮಂತ ಅಂತೆಲ್ಲ ತೂಗಿ ನೋಡುತ್ತದೆ. ಬಾರ್ನೆಟ್ ಸೂತ್ರಕ್ಕೆ ಅದು ಬೇಕಿಲ್ಲ. ಇನ್ನೊಂದು ಮುಖ್ಯ ವಿಷಯ: ಲಂಡನ್ ಆರೋಗ್ಯಕ್ಕೆ ಅಂತ ಏರಿಸಿದ ದುಡ್ಡಿನ ಪಾಲನ್ನು ಎಡಿನ್‌ಬರೋ ಆರೋಗ್ಯಕ್ಕೇ ಖರ್ಚು ಮಾಡಬೇಕು ಅನ್ನುವ ಕಟ್ಟುಪಾಡಿಲ್ಲ. ಹಾಗಾಗಿ ಸ್ಕಾಟಿಷ್ ಸರ್ಕಾರದ ಉತ್ತರಗಳಲ್ಲಿ ‘ಬಂದ ಪಾಲನ್ನೆಲ್ಲ ಆರೋಗ್ಯಕ್ಕೇ ಕೊಟ್ಟಿದ್ದೇವೆ’ ಅನ್ನುವ ಮಾತು ಕಂಡರೆ ಅಲ್ಲೇ ನಿಲ್ಲಿ. ಅದು ಅವರು ತಾವಾಗಿ ಮಾಡಿದ ತೀರ್ಮಾನ. ಹಾಗಾಗಿ ಲೆಕ್ಕ ಕೇಳಬಹುದು. ಲಂಡನ್ ಕಮ್ಮಿ ಕೊಟ್ಟಿತು ಅಂತ ಇವರು, ಬೇಕಾದಷ್ಟು ಕೊಟ್ಟಿದ್ದೇವೆ ಅಂತ ಅವರು. ದೆಹಲಿ–ಬೆಂಗಳೂರು ಮಾತು ಕೇಳುತ್ತಾ ಬೆಳೆದ ನಮಗೆ ಇದು ಹೊಸದಲ್ಲ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಇದಕ್ಕಿಂತ ಒಳಗಿನ ಪ್ರಶ್ನೆ. ಎಡಿನ್‌ಬರೋಗೆ ಬಂದ ದುಡ್ಡು ದೂರದ ಊರುಗಳಿಗೆ ಎಷ್ಟು ತಲುಪುತ್ತದೆ? ನಾನು ಕುಷ್ಟಗಿ ಕಡೆಯವಳು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ 371ಜೆ ಬರುವ ಮೊದಲು ಓದು ಮುಗಿಸಿದವಳು. ರಾಜಧಾನಿಗೆ ದೂರ ಇರುವುದು ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ಉತ್ತರದ ತುದಿಯಲ್ಲಿ ವಿಕ್ ಅಂತ ಊರಿದೆ. ಅಲ್ಲಿನ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ 2016ರಿಂದ ಸೂಲಗಿತ್ತಿ ನರ್ಸುಗಳು ಮಾತ್ರ ಇದ್ದಾರೆ. ಹೆಚ್ಚಿನ ಬಸುರಿಯರು ಹೆರಿಗೆಗೆ 100 ಮೈಲಿಗಿಂತ ಜಾಸ್ತಿ ದೂರದ ಇನ್ವರ್ನೆಸ್‌ಗೆ ಬರುತ್ತಾರೆ, ಚಳಿಗಾಲದ ಹಿಮದಲ್ಲೂ. ಇದರ ಬಗ್ಗೆ ಹೋಲಿರೂಡ್‌ನಲ್ಲಿ ಎಷ್ಟು ಸಲ ಪ್ರಶ್ನೆ ಎದ್ದಿದೆಯೋ. ತಾಯಿ–ಮಗುವಿನ ಸುರಕ್ಷತೆ ಮೊದಲು ಅನ್ನುವುದು ಸರ್ಕಾರದ ಉತ್ತರ. ಆ ಮಾತಿನಲ್ಲಿ ನಿಜ ಇದೆ. ಆದರೆ ದಾರಿಯಲ್ಲೇ ನೋವು ಶುರುವಾದವಳ ಸುರಕ್ಷತೆಯೂ ಸುರಕ್ಷತೆಯೇ. ಅದಕ್ಕೇ ಆ ಊರಿನವರು ಕೇಳುವುದನ್ನು ಬಿಟ್ಟಿಲ್ಲ.

ಆರೋಗ್ಯ ಮಂಡಳಿಗಳಿಗೆ ದುಡ್ಡು ಹಂಚಲು ಒಂದು ಸೂತ್ರವಿದೆ, ಎನ್‌ರ್‍ಯಾಕ್ ಅನ್ನುತ್ತಾರೆ. ಎಷ್ಟು ಜನ, ಅವರ ವಯಸ್ಸೆಷ್ಟು, ಕಾಯಿಲೆ ಎಷ್ಟು, ಊರು ಎಷ್ಟು ದೂರ, ಎಲ್ಲ ಲೆಕ್ಕ ಹಾಕುತ್ತದೆ. ‘ನಮ್ಮ ಪ್ರದೇಶಕ್ಕೆ ಯಾಕೆ ಇಷ್ಟೇ?’ ಅಂತ ಕೇಳಿದರೆ ಈ ಸೂತ್ರವನ್ನೇ ತೋರಿಸುತ್ತಾರೆ. ಅದು ತಪ್ಪು ಉತ್ತರವಲ್ಲ, ಆದರೆ ಪೂರ್ತಿ ಉತ್ತರವೂ ಅಲ್ಲ. ಮಂಡಳಿಯೊಳಗೆ ಯಾವ ಊರಿಗೆ ಎಷ್ಟು ಅನ್ನುವುದನ್ನು ಮಂಡಳಿಯನ್ನೇ ಕೇಳಬೇಕು.

ಇನ್ನು ನನ್ನದೇ ಕಥೆ. ಆಗ ನಾವು ಬೇರೆ ಊರಿನಲ್ಲಿದ್ದೆವು. ಮಗನಿಗೆ ಮೂರು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ‘ಅಮ್ಮ’, ‘ನೀರು’, ‘ಬಾ’, ಅಷ್ಟೇ. ಸ್ಪೀಚ್ ಥೆರಪಿಗೆ ಡಾಕ್ಟರು ಬರೆದುಕೊಟ್ಟರು. ತಿಂಗಳುಗಟ್ಟಲೆ ಕಾದೆವು. ಫೋನ್ ಮಾಡಿದರೆ ‘ಪಟ್ಟಿ ಉದ್ದ ಇದೆ’ ಅನ್ನುತ್ತಿದ್ದರು. ಒಂದು ರಾತ್ರಿ ಅಡುಗೆಮನೆಯ ಮೇಜಿನ ಹತ್ತಿರ ಕೂತು ಮಾಹಿತಿ ಹಕ್ಕಿನಲ್ಲಿ ಉದ್ದದ ಇಮೇಲ್ ಬರೆದೆ. ‘ಯಾಕೆ ಇಷ್ಟು ತಡ?’ ಅಂತ. ಬಂದ ಉತ್ತರ ಎರಡು ಸಾಲು: ದಾಖಲೆಯಲ್ಲಿರುವ ಮಾಹಿತಿಯನ್ನು ಮಾತ್ರ ಕೊಡಬಹುದು, ವಿವರಣೆ ಕೊಡುವುದು ಈ ಕಾಯ್ದೆಯಡಿ ಬರುವುದಿಲ್ಲ.

ಅತ್ತುಬಿಟ್ಟೆ. ಆಮೇಲೆ ಮತ್ತೆ ಬರೆದೆ, ಮೂರೇ ಸಾಲು. ಈ ತಾರೀಖಿಗೆ ಐದು ವರ್ಷದೊಳಗಿನ ಎಷ್ಟು ಮಕ್ಕಳು ಪಟ್ಟಿಯಲ್ಲಿದ್ದಾರೆ? ಅತಿ ಹೆಚ್ಚು ಕಾದವರು ಎಷ್ಟು ವಾರ ಕಾದಿದ್ದಾರೆ? ಥೆರಪಿಸ್ಟ್ ಹುದ್ದೆ ಎಷ್ಟು, ಖಾಲಿ ಎಷ್ಟು? ಇಲ್ಲಿ ಉತ್ತರಕ್ಕೆ 20 ಕೆಲಸದ ದಿನಗಳ ಗಡುವು. 19ನೇ ದಿನ ಒಂದು ಕೋಷ್ಟಕ ಬಂತು. ಹುದ್ದೆ ಐದು, ಖಾಲಿ ಎರಡು. ಅಷ್ಟು ತಿಂಗಳು ಫೋನಿನಲ್ಲಿ ಯಾರೂ ಹೇಳದ ಕಾರಣ ಒಂದು ಚೌಕದೊಳಗೆ ಕೂತಿತ್ತು.

ಇನ್ನೊಂದು ಚೌಕ ನೋಡಿ ಎದೆ ಧಸಕ್ಕೆಂದಿತು. ಅತಿ ಹೆಚ್ಚು ಕಾದ ಮಗು ಅಂತ ತೋರಿಸಿದ್ದ ವಾರಗಳಿಗಿಂತ ನನ್ನ ಮಗ ಜಾಸ್ತಿ ಕಾದಿದ್ದ. ಹಾಗಾದರೆ ಅವನ ಹೆಸರು ಪಟ್ಟಿಯಲ್ಲೇ ಇಲ್ಲ! ಮಾರನೇ ದಿನ ಲಿಖಿತ ದೂರು ಕೊಟ್ಟೆ. ದೂರಿನ ಮೊದಲ ಹಂತಕ್ಕೆ 5 ಕೆಲಸದ ದಿನ, ಎರಡನೇ ಹಂತಕ್ಕೆ 20. ಐದನೇ ದಿನ ಫೋನ್ ಬಂತು. ಡಾಕ್ಟರರ ಪತ್ರ ಎಲ್ಲೋ ಕಳೆದುಹೋಗಿತ್ತು. ಕ್ಷಮೆ ಕೇಳಿದರು, ಪತ್ರ ಬರೆದ ದಿನದಿಂದಲೇ ಸರದಿ ಲೆಕ್ಕ ಹಾಕಿದರು. ಮೊದಲ ಭೇಟಿಯಲ್ಲೇ ಥೆರಪಿಸ್ಟ್ ಹೇಳಿದರು, ಮನೆಯಲ್ಲಿ ಕನ್ನಡ ಬಿಡಬೇಡಿ ಅಂತ. ಈಗ ಅವನು ಎರಡೂ ಭಾಷೆಯಲ್ಲಿ ಬಾಯಿ ಮುಚ್ಚುವುದೇ ಇಲ್ಲ.

ಈ ಕಥೆ ಯಾಕೆ ಹೇಳಿದೆ ಅಂದರೆ, ನಿಮ್ಮ ಮಗುವಿನ ವಿಷಯಕ್ಕೆ ದೂರು, ಊರಿನ ವಿಷಯಕ್ಕೆ ಮಾಹಿತಿ ಹಕ್ಕು. ಎರಡನ್ನೂ ಕಲಸಬೇಡಿ. ದೂರಿಗೆ ಸರಿಯಾದ ಉತ್ತರ ಬರದಿದ್ದರೆ ಇಂಥ ದೂರುಗಳನ್ನು ವಿಚಾರಿಸುವ ಸ್ಕಾಟಿಷ್ ಪಬ್ಲಿಕ್ ಸರ್ವಿಸಸ್ ಓಂಬುಡ್ಸ್‌ಮನ್ ಇದ್ದಾರೆ. ಮಾಹಿತಿ ಕೊಡದಿದ್ದರೆ ಮರುಪರಿಶೀಲನೆ ಕೇಳಿ. ಅದೂ ಆಗದಿದ್ದರೆ ಮಾಹಿತಿ ಆಯುಕ್ತರು, ಕಚೇರಿ ಸೇಂಟ್ ಆಂಡ್ರೂಸ್‌ನಲ್ಲಿ. ನಮ್ಮಲ್ಲಿ ಅರ್ಜಿಗೆ 10 ರೂಪಾಯಿ, 30 ದಿನ. ಇಲ್ಲಿ ಅರ್ಜಿಗೆ ಶುಲ್ಕವಿಲ್ಲ.

ಶಾಸಕರನ್ನೂ ಬಳಸಿ. ಇಲ್ಲಿ ಎಂಎಸ್‌ಪಿ ಅನ್ನುತ್ತಾರೆ. ನಿಮಗೆ ಒಬ್ಬರಲ್ಲ, ಎಂಟು ಜನ ಇದ್ದಾರೆ: ಕ್ಷೇತ್ರಕ್ಕೆ ಒಬ್ಬರು, ಹೈಲ್ಯಾಂಡ್ಸ್ ಅಂಡ್ ಐಲ್ಯಾಂಡ್ಸ್ ಪ್ರದೇಶಕ್ಕೆ ಏಳು ಜನ. ವೋಟಿಲ್ಲದಿದ್ದರೂ ಭೇಟಿ ಮಾಡಬಹುದು. ಅವರು ಸರ್ಕಾರಕ್ಕೆ ಲಿಖಿತ ಪ್ರಶ್ನೆ ಹಾಕಿದರೆ ಸಾಮಾನ್ಯವಾಗಿ 10 ಕೆಲಸದ ದಿನದಲ್ಲಿ ಮಂತ್ರಿ ಉತ್ತರ ಕೊಡಬೇಕು. ಪ್ರಶ್ನೆ, ಉತ್ತರ ಎರಡೂ ಪಾರ್ಲಿಮೆಂಟಿನ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತವೆ.

ಆ ಉತ್ತರಗಳನ್ನು ಓದುವುದೇ ಒಂದು ಕಲೆ. ‘ಈ ಮಾಹಿತಿಯನ್ನು ಕೇಂದ್ರವಾಗಿ ಇಟ್ಟುಕೊಂಡಿಲ್ಲ’ ಅಂದರೆ ಮಾಹಿತಿ ಇಲ್ಲ ಅಂತಲ್ಲ, ಮಂಡಳಿಯಲ್ಲೋ ಕೌನ್ಸಿಲ್‌ನಲ್ಲೋ ಇದೆ ಅಂತ. ‘ಇದು ಸ್ಥಳೀಯ ಆಡಳಿತಕ್ಕೆ ಬಿಟ್ಟದ್ದು’ ಅಂದರೆ ಕೌನ್ಸಿಲ್ ಬಾಗಿಲು ತಟ್ಟಿ, ಈ ಉತ್ತರವನ್ನೇ ಜೊತೆಗೆ ಇಡಿ. ಆಗ ಅವರು ನಿಮ್ಮನ್ನು ಎಡಿನ್‌ಬರೋಗೆ ಕಳಿಸುವ ಹಾಗಿಲ್ಲ. ‘ನಾವು ಬದ್ಧರಾಗಿದ್ದೇವೆ’ ಅಂದರೆ ತಾರೀಖು ಇದೆಯಾ ನೋಡಿ. ನಿಮ್ಮೂರಿನಿಂದ ಪರ್ತ್‌ಗೆ ಹೋಗುವ ಎ9 ರಸ್ತೆಯನ್ನೇ ತೆಗೆದುಕೊಳ್ಳಿ. 2025ಕ್ಕೆ ಪೂರ್ತಿ ಜೋಡಿ ರಸ್ತೆ ಮಾಡುತ್ತೇವೆ ಅಂತ 2011ರಲ್ಲಿ ಮಾತು ಕೊಟ್ಟರು. ವರ್ಷಗಟ್ಟಲೆ ಬದ್ಧತೆಯ ಮಾತೇ ಬಂತು. 2023ರ ಫೆಬ್ರವರಿಯಲ್ಲಿ ಆಗುವುದಿಲ್ಲ ಅಂತ ಒಪ್ಪಿಕೊಂಡರು, ಡಿಸೆಂಬರಿನಲ್ಲಿ 2035 ಅಂದರು. ಈ ನಡುವೆ ಜನ ಪಾರ್ಲಿಮೆಂಟಿನ ಅರ್ಜಿ ಸಮಿತಿಗೆ ಹೋಗಿದ್ದರು, ಸಮಿತಿ ದಾಖಲೆ ತರಿಸಿ ವಿಚಾರಣೆ ಮಾಡಿತು. ಆ ರಸ್ತೆಯಲ್ಲಿ ಸತ್ತವರ ಮನೆಯವರ ಮುಂದೆ ತಾರೀಖಿಲ್ಲದ ಉತ್ತರ ನಿಲ್ಲುವುದಿಲ್ಲ.

ಅಂದಹಾಗೆ, ನಿಮಗೆ ಯಾರೂ ಹೇಳಿರಲಿಕ್ಕಿಲ್ಲ: ನೀವು ವೋಟು ಹಾಕಬಹುದು. ಭಾರತ ಕಾಮನ್‌ವೆಲ್ತ್ ದೇಶ, ಹಾಗಾಗಿ ಸರಿಯಾದ ವೀಸಾದ ಮೇಲೆ ಇಲ್ಲಿ ನೆಲೆಸಿದ ಭಾರತೀಯರಿಗೆ ಕೌನ್ಸಿಲ್, ಹೋಲಿರೂಡ್, ಲಂಡನ್, ಮೂರೂ ಚುನಾವಣೆಗೆ ಹಕ್ಕಿದೆ. ಪೌರತ್ವಕ್ಕೆ ಕಾಯಬೇಕಿಲ್ಲ. ಈ ವಾರವೇ ಹೆಸರು ಸೇರಿಸಿ.

ಈಗ ಮಗಳ ಹಲ್ಲು. ದಂತವೈದ್ಯರು ಸಾಮಾನ್ಯವಾಗಿ ಸರ್ಕಾರದ ನೌಕರರಲ್ಲ, ಎನ್‌ಎಚ್‌ಎಸ್ ಜೊತೆ ಒಪ್ಪಂದ ಮಾಡಿಕೊಂಡು ಸ್ವಂತ ಕ್ಲಿನಿಕ್ ನಡೆಸುವವರು. ‘ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ’ ಅನ್ನಲು ಅವರಿಗೆ ಆಗುತ್ತದೆ. ಮಂಡಳಿ ಮಾತ್ರ ಹಾಗೆ ಕೈಬಿಡುವಂತಿಲ್ಲ. ನಾಳೆ ಬೆಳಿಗ್ಗೆಯೇ ಆರೋಗ್ಯ ಮಂಡಳಿಯ ಹಲ್ಲಿನ ಸಹಾಯವಾಣಿಗೆ ಫೋನ್ ಮಾಡಿ, ಮಗುವಿಗೆ ನೋವಿದೆ, ಎಲ್ಲೂ ನೋಂದಣಿ ಆಗಿಲ್ಲ ಅಂತ ಎರಡೂ ಹೇಳಿ. ರಾತ್ರಿ ನೋವು ಜಾಸ್ತಿಯಾದರೆ 111ಕ್ಕೆ ಫೋನ್ ಮಾಡಿ. ಫೋನ್ ಎತ್ತಿದವರ ಹೆಸರು, ತಾರೀಖು, ಅವರು ಹೇಳಿದ್ದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಮಗಳ ನೋವು ಕಮ್ಮಿಯಾದ ಮೇಲೆ ಮಾಹಿತಿ ಹಕ್ಕಿನ ಪತ್ರ: ಇನ್ವರ್ನೆಸ್‌ನಲ್ಲಿ ಎನ್‌ಎಚ್‌ಎಸ್ ಕ್ಲಿನಿಕ್ ಎಷ್ಟು, ಈ ತಿಂಗಳು ಹೊಸ ಮಕ್ಕಳನ್ನು ತೆಗೆದುಕೊಳ್ಳುವವು ಎಷ್ಟು, ಎರಡು ವರ್ಷದ ಹಿಂದೆ ಎಷ್ಟಿದ್ದವು. ಮೂರೇ ಸಾಲು ಸಾಕು. ಬರೆದು ನನಗೆ ಕಳಿಸಿ, ಭಾನುವಾರ ಕೂತು ನೋಡಿ ಕೊಡುತ್ತೇನೆ.